ಡಬ್ಬದ ಮೇಲಿನ ರೈತ

ನಮ್ಮ ಮಾವಿನಹಣ್ಣಿನ ಡಬ್ಬದ ಮೇಲೆ ಒಬ್ಬ ರೈತನ ಫೋಟೊ ಇದೆ. ತಲೆಗೆ ಸುತ್ತಿದ ಟವೆಲ್ಲು, ಬಿಳಿ ಮೀಸೆ, ಬಿಸಿಲಿಗೆ ಕಿರಿದಾದ ಕಣ್ಣು, ಕಣ್ಣಿನ ಸುತ್ತ ಗೆರೆ, ಕೈಯಲ್ಲಿ ದೋಟಿ. ಈ ಮನುಷ್ಯ ಹುಟ್ಟಿದ್ದೇ ಮಾವಿನ ಮರದ ಬುಡದಲ್ಲಿ ಎಂದು ಯಾರಾದರೂ ಪ್ರಮಾಣ ಮಾಡಿ ಹೇಳಬಹುದು. ಅದು ನಾನಲ್ಲ.

ತೋಟ ನನ್ನದು. ಪಹಣಿ ನನ್ನ ಹೆಸರಿನಲ್ಲಿದೆ. ಸಹಕಾರ ಸಂಘದ ಸಾಲವಂತೂ ಸಂಪೂರ್ಣವಾಗಿ ನನ್ನದೇ. ಆದರೆ ಮಗಳು ಮೊಬೈಲು ಹಿಡಿದು ಎದುರಿಗೆ ನಿಲ್ಲಿಸಿದಾಗ ನಾನು ರೈತನಾಗಿ ಮೂಡಿಬರಲಿಲ್ಲ. ಇಸ್ತ್ರಿ ಶರ್ಟು ಬಿಚ್ಚಿಸಿದಳು. ಬನಿಯನ್ನಿನಲ್ಲಿ ನಿಲ್ಲಿಸಿ ನೋಡಿ, ಬೇಡ ಎಂದು ಮತ್ತೆ ಶರ್ಟು ತೊಡಿಸಿದಳು. ತಲೆಗೆ ಟವೆಲ್ಲು ಸುತ್ತಿದೆ. "ತಲೆನೋವಾ ಅಪ್ಪಾ?" ಎಂದಳು. "ಸ್ವಲ್ಪ ದೂರ ನೋಡು. ಮಳೆಗೆ ಕಾಯ್ತಾ ಇದೀಯ ಅನ್ಕೋ." ಏಪ್ರಿಲ್ ತಿಂಗಳಲ್ಲಿ ಗಾಳಿಮಳೆ ಬಂದರೆ ಅರ್ಧ ಕಾಯಿ ನೆಲಕ್ಕೆ, ಆಗ ಮಳೆಗೆ ಕಾಯುವ ಮಾವಿನ ಬೆಳೆಗಾರ ಭೂಮಿಯ ಮೇಲೆ ಇರಲಾರ ಎಂದು ವಿವರಿಸತೊಡಗಿದೆ. "ಬಾಯಿ ಮುಚ್ಚಪ್ಪಾ, ಬಾಯಿ ತೆಗೆದ್ರೆ ಬ್ಯಾಂಕಿನವರು ಕಾಣ್ತಾರೆ" ಎಂದಳು.

ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ನನ್ನವಳು ತಲೆಯೆತ್ತದೆ ಹೇಳಿದಳು: "ಅವರ ಮುಖದಲ್ಲಿ ಮೊದಲಿಂದಲೂ ವ್ಯವಸಾಯ ಇಲ್ಲ ಕಣೆ. ಹೆಣ್ಣು ನೋಡೋಕೆ ಬಂದಾಗ ನಮ್ಮಪ್ಪ ಮೇಷ್ಟ್ರು ಅನ್ಕೊಂಡೇ ಒಪ್ಪಿದ್ದು."

ಅದೇ ಹೊತ್ತಿಗೆ ಕಾಯಿ ಇಳಿಸಲು ಬರುವ ಹಿರಿಯರು ದೋಟಿ ಹೆಗಲಿಗೇರಿಸಿಕೊಂಡು ಗೇಟು ದಾಟಿ ಬಂದರು. ಊರಿನವರು ಅವರನ್ನು ಕರೆಯುವುದೇ ದೋಟಿಯಣ್ಣ ಎಂದು. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಅವರು ಒಂದು ಕ್ಷಣ ನಿಂತು ಮರದ ಕಡೆ ನೋಡಿದರು. ಮಗಳು ಕ್ಲಿಕ್ಕಿಸಿದಳು. ಅಲ್ಲಿಗೆ ನನ್ನ ಮೂರು ತಲೆಮಾರಿನ ಒಕ್ಕಲುತನ ಇನ್ನೊಬ್ಬರ ಮೀಸೆಗೆ ವರ್ಗವಾಯಿತು. ಅವರು ಬೀಡಿಗೆ ಬೆಂಕಿಕಡ್ಡಿ ಕೇಳಲು ನಿಂತಿದ್ದರು ಎಂಬುದನ್ನು ನಾನು ಯಾವ ಗ್ರಾಹಕರಿಗೂ ಹೇಳಿಲ್ಲ.

ನಾವಿರುವುದು ಚನ್ನಪಟ್ಟಣದಿಂದ ಒಳಕ್ಕೆ. ರಾಜ್ಯದಲ್ಲಿ ಎಲ್ಲರಿಗಿಂತ ಮೊದಲು ಮಾವು ಇಳಿಯುವ ಸೀಮೆ ಇದು. ಶ್ರೀನಿವಾಸಪುರದ ಕಾಯಿ ಇನ್ನೂ ಕೊಂಬೆ ಬಿಡದಿರುವಾಗಲೇ ನಮ್ಮ ಬಾದಾಮಿ ಬೆಂಗಳೂರು ಸೇರಿರುತ್ತದೆ. ಹಿಂದೆ ಮೈಸೂರು ರಸ್ತೆಯ ಬದಿಯಲ್ಲಿ ಒಂದು ಮಂಕರಿ, ಒಂದು ಛತ್ರಿ, ಒಂದು ತಕ್ಕಡಿ ಇಟ್ಟುಕೊಂಡು ಕೂತರೆ ಸಾಕಿತ್ತು. ಗ್ರಾಹಕ ಎಂಬುವವನು ಕಾರು ನಿಲ್ಲಿಸಿ, ಚೌಕಾಸಿ ಮಾಡಿ, ಒಂದು ಹಣ್ಣು ಪುಕ್ಕಟೆ ತಿಂದು, ಎರಡು ಕೆ.ಜಿ. ಕಟ್ಟಿಸಿಕೊಂಡು ಹೋಗುತ್ತಿದ್ದ. ಅವನ ಹೆಸರು ನಮಗೆ ಗೊತ್ತಿಲ್ಲ, ನಮ್ಮ ಹೆಸರು ಅವನಿಗೆ ಬೇಕಿಲ್ಲ. ಎಂಥ ನಿರ್ಮಲವಾದ ಸಂಬಂಧ! 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಕಾರುಗಳು ಚನ್ನಪಟ್ಟಣದ ಊರೊಳಗೆ ಬರುವುದನ್ನೇ ಬಿಟ್ಟವು. ಗೊಂಬೆಯವರು, ಮದ್ದೂರು ವಡೆಯವರು, ಮಾವಿನವರು ಎಲ್ಲರೂ ಹಳೆಯ ರಸ್ತೆಯಲ್ಲಿ ಕೂತು ಗ್ರಾಹಕರು ಹಾದುಹೋಗುವ ಸದ್ದನ್ನು ಮಾತ್ರ ಕೇಳಿಸಿಕೊಂಡೆವು.

ರೈತನಿಂದ ನೇರ ಗ್ರಾಹಕನಿಗೆ ಎನ್ನುವುದು ಹೊಸ ಮಾತೇನೂ ಅಲ್ಲ. 1959ರಲ್ಲೇ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡಿದ್ದರು. ಎಂ.ಎಚ್. ಮರಿಗೌಡರ ಆಸ್ಥೆಯಿಂದ ಬೆಳೆದ ಅದೇ ಸಂಘ ಇವತ್ತಿನ ಹಾಪ್‌ಕಾಮ್ಸ್. ಲಾಲ್‌ಬಾಗಿನಲ್ಲಿ ಮಾವು ಮೇಳ ನಡೆಯುತ್ತದೆ. 2019ರಿಂದ ಮಾವು ನಿಗಮದವರೂ ಅಂಚೆಯವರೂ ಸೇರಿ ಬೆಂಗಳೂರಿನ ಮನೆಬಾಗಿಲಿಗೆ ಡಬ್ಬ ಮುಟ್ಟಿಸುವ ಏರ್ಪಾಡು ಮಾಡಿದ್ದಾರೆ. ಇಷ್ಟೆಲ್ಲ ಹೆದ್ದಾರಿಗಳಿದ್ದರೂ ನಮ್ಮ ಮಗಳು ಹಿಡಿದದ್ದು ವಾಟ್ಸಾಪ್ ಗ್ರೂಪಿನ ಕಾಲುದಾರಿ. ಅದಕ್ಕೆ 'ತಾತನ ತೋಟ' ಎಂದು ಹೆಸರಿಟ್ಟಳು.

"ಯಾವ ತಾತನೇ?" ಎಂದೆ.

"ನಿನ್ನ ತಾತ. ತಾತ ನೆಟ್ಟ ಮರದ ಹಣ್ಣು. ಜನಕ್ಕೆ ಹಣ್ಣಿನ ಜೊತೆ ಕತೆನೂ ಬೇಕು ಅಪ್ಪಾ."

ನಮ್ಮ ತಾತ ನೆಟ್ಟದ್ದು ತೋತಾಪುರಿ ಮಾತ್ರ. ಅವರಿಗೆ ಮಾವು ಎಂದರೆ ಉಪ್ಪು ಖಾರ ಹಚ್ಚಿ ತಿನ್ನುವ ಪದಾರ್ಥ. ಬಾದಾಮಿ ಹಾಕಿದ್ದು ಅಪ್ಪ. ಮಲ್ಲಿಕಾ ನಾನೇ ಸಸಿ ತಂದು ನೆಟ್ಟದ್ದು. ಇದನ್ನೆಲ್ಲ ಹೇಳಿದೆ. "ನೀಲಂ, ದಶೇರಿ ಎರಡನ್ನೂ ಕೂಡಿಸಿ ದೆಹಲಿಯ ಸಂಶೋಧನಾಲಯದಲ್ಲಿ ಮಾಡಿದ ತಳಿ, ನಮ್ಮಪ್ಪ ಟೆಂಪೋದಲ್ಲಿ ತಂದರು ಅಂತ ಬರೆಯಲಾ? ತಾತ ಇರಲಿ ಬಿಡು" ಎಂದಳು. ತಾತ ಇದ್ದರು. ಬದುಕಿದ್ದಾಗ ಊರ ಸಂತೆಯನ್ನೂ ಸರಿಯಾಗಿ ಕಾಣದ ಮನುಷ್ಯ ಈಗ ಎಚ್‌ಎಸ್‌ಆರ್ ಲೇಔಟಿನ ಅಡುಗೆಮನೆಗಳಲ್ಲಿ ಮನೆಮಾತು.

ಗ್ರೂಪು ಶುರುವಾದ ಮೇಲೆ ನನ್ನ ಫೋನು ನನ್ನದಾಗಿ ಉಳಿಯಲಿಲ್ಲ. ಕೋಳಿ ಕೂಗುವ ಮೊದಲೇ ಕೋರಮಂಗಲ ಕೂಗುತ್ತದೆ. "ಅಣ್ಣಾ ನಮಸ್ತೆ. ಹಣ್ಣು ಬಂತು. ಹಸಿರಾಗಿದೆ." ಕಾರ್ಬೈಡ್ ಹಾಕಬೇಡಿ ಎಂದು ದೊಡ್ಡಕ್ಷರದಲ್ಲಿ ಬರೆದವರೂ ಇವರೇ. ಕ್ಯಾಲ್ಸಿಯಂ ಕಾರ್ಬೈಡಿನಲ್ಲಿ ಹಣ್ಣು ಮಾಗಿಸುವುದಕ್ಕೆ ಕಾನೂನಿನ ನಿಷೇಧವಿದೆ. ಎಥಿಲೀನ್ ಅನಿಲಕ್ಕೆ ಅನುಮತಿಯಿದೆ, ಅದೂ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಪಾಲು ಮೀರದಂತೆ. ನಮ್ಮಲ್ಲಿ ಎರಡೂ ಇಲ್ಲ, ಇರುವುದು ಭತ್ತದ ಹುಲ್ಲು. ಹುಲ್ಲಿನಲ್ಲಿ ಮಲಗಿದ ಬಾದಾಮಿ ತನಗೆ ತೋಚಿದ ದಿನ ಏಳುತ್ತದೆ. ಒಂದೇ ಡಬ್ಬದಲ್ಲಿ ಒಂದು ಇವತ್ತು, ಇನ್ನೊಂದು ನಾಡಿದ್ದು. ಮೈ ಪೂರ್ತಿ ಹಳದಿಯಾಗಲೇಬೇಕೆಂಬ ಹಟವೂ ಅದಕ್ಕಿಲ್ಲ. ಇದನ್ನು ಗ್ರೂಪಿನಲ್ಲಿ ಪ್ರಬಂಧದ ಗಾತ್ರದಲ್ಲಿ ಬರೆದೆ. ಕೆಳಗೆ ಹನ್ನೊಂದು ಕೈಮುಗಿಯುವ ಚಿತ್ರಗಳು ಬಂದವು. ಅದರ ಕೆಳಗೆ: "ಅಣ್ಣಾ, ನಮ್ಮದೂ ಹಸಿರಾಗಿದೆ."

ರಾತ್ರಿ ಹನ್ನೊಂದಕ್ಕೆ ಫೋಟೊ ಬರುತ್ತದೆ. ಅಂಗೈ ಮೇಲೆ ಒಂದು ಹಣ್ಣು. "ಇದು ಆಗಿದೆಯಾ?"

"ಮೂಸಿ ನೋಡಿ. ತೊಟ್ಟಿನ ಹತ್ತಿರ ವಾಸನೆ ಬಂದರೆ ಆಗಿದೆ."

"ಶೀತ ಆಗಿದೆ ಅಣ್ಣಾ."

"ಮನೆಯಲ್ಲಿ ಇನ್ಯಾರಾದರೂ ಇದ್ದರೆ ಮೂಸಿಸಿ."

"ಒಬ್ಬನೇ ಇರೋದು."

ಒಂದು ಹಣ್ಣಿನ ನೆಪದಲ್ಲಿ ಒಬ್ಬ ಹುಡುಗನ ಒಂಟಿತನದ ಒಳಗೆ ನಾನು ಕಾಲಿಟ್ಟಿದ್ದೆ. ಮಂಡಿಯಲ್ಲಿ ಇಂಥ ತಾಪತ್ರಯ ಇರಲಿಲ್ಲ. ಆ ರಾತ್ರಿ ಅವನ ಊರು (ಹಾವೇರಿ ಕಡೆ), ಅವನ ಕೆಲಸ, ಅವನಮ್ಮನ ಮಂಡಿನೋವು ಎಲ್ಲ ತಿಳಿದುಕೊಂಡು ಮಲಗುವಷ್ಟರಲ್ಲಿ ಹನ್ನೆರಡೂವರೆ. ನನ್ನವಳು ಕತ್ತಲಲ್ಲೇ ಕೇಳಿದಳು: "ಎಷ್ಟು ಡಬ್ಬ ಹೇಳಿದ?" ಹೇಳಿರಲಿಲ್ಲ. ಮೂರು ಕೆ.ಜಿ.ಯ ಒಂದು ಡಬ್ಬ ಮೊದಲೇ ತಗೊಂಡಿದ್ದನಲ್ಲ, ಅಷ್ಟೇ.

ಬಾದಾಮಿಯಲ್ಲಿ ಇನ್ನೊಂದು ವಂಚನೆಯಿದೆ. ಹೊರಗೆ ಕಲೆ ಇಲ್ಲ, ಮೆದುವಾಗಿಲ್ಲ, ಪರಿಮಳಕ್ಕೆ ಕೊರತೆಯಿಲ್ಲ. ಕೊಯ್ದರೆ ಒಳಗೆ ಬಿಳಿಚಿಕೊಂಡ ಹುಳಿ ಹುಳಿ ತಿರುಳು, ನಡುವೆ ಗಾಳಿಗೂಡು. ಸ್ಪಂಜಿ ಟಿಶ್ಯೂ ಎನ್ನುತ್ತಾರೆ. ಮಾರುವವನಿಗೂ ಕೊಳ್ಳುವವನಿಗೂ ಕೊಯ್ಯುವ ತನಕ ಒಂದೇ ಅಜ್ಞಾನ. ಆದರೆ ಚಾಕು ಅವರ ಕೈಯಲ್ಲಿರುವುದರಿಂದ ಅಪರಾಧ ನನ್ನ ಪಾಲಿಗೆ. ಹಣ್ಣಿನ ನೊಣದ ಕತೆ ಇದಕ್ಕಿಂತ ಘೋರ. ಕಾಯಿ ಮರದಲ್ಲಿರುವಾಗಲೇ ನೊಣ ಸೂಜಿ ಚುಚ್ಚಿದಷ್ಟೇ ತೂತು ಮಾಡಿ ಮೊಟ್ಟೆ ಇಟ್ಟು ಹೋಗಿರುತ್ತದೆ. ಹುಳು ಹೊರಬರುವುದು ಜಯನಗರದ ಡೈನಿಂಗ್ ಟೇಬಲ್ಲಿನ ಮೇಲೆ, ಅತಿಥಿಗಳ ಸಮಕ್ಷಮ. 2014ರಲ್ಲಿ ಐರೋಪ್ಯ ಒಕ್ಕೂಟ ನಮ್ಮ ದೇಶದ ಮಾವನ್ನು ನಿಷೇಧಿಸಿದ್ದು ಈ ನೊಣದಿಂದಲೇ. 2015ರಲ್ಲಿ ಯುರೋಪು ನಿಷೇಧ ತೆರವುಗೊಳಿಸಿತು, ಜಯನಗರದ ಆ ಮೇಡಂ ಇನ್ನೂ ತೆರವುಗೊಳಿಸಿಲ್ಲ.

ಇದಕ್ಕೆ ಪರಿಹಾರ ಬಿಸಿನೀರು. ಕೊಯ್ದ ಇಪ್ಪತ್ತನಾಲ್ಕು ಗಂಟೆಯೊಳಗೆ ಕಾಯನ್ನು 48 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು, ಮೊಟ್ಟೆ ಸಾಯುತ್ತದೆ, ಹಣ್ಣು ಉಳಿಯುತ್ತದೆ. ರಫ್ತು ಮಾಡುವವರ ಹತ್ತಿರ ಇದಕ್ಕೆ ದೊಡ್ಡ ಯಂತ್ರಗಳಿವೆ. ನಮ್ಮ ಹತ್ತಿರ ಬಚ್ಚಲಮನೆಯ ಹಂಡೆ ಇದೆ. ಬೆಳಗ್ಗೆ ಎದ್ದು ಸೌದೆ ಹೊತ್ತಿಸಿ, ಕಾಯಿಗಳನ್ನು ಬುಟ್ಟಿಯಲ್ಲಿ ಇಳಿಬಿಟ್ಟು, ಮನೆಯಲ್ಲಿದ್ದ ಜ್ವರದ ಥರ್ಮಾಮೀಟರು ಅದ್ದಿದೆ. ಆ ಉಪಕರಣಕ್ಕೆ 42ರ ಆಚೆ ಲೋಕವಿಲ್ಲ. ಪೀಂ ಎಂದು ಒಂದಕ್ಷರ ತೋರಿಸಿ ಸುಮ್ಮನಾಯಿತು. ನೀರು ಕಾಯುತ್ತಲೇ ಇತ್ತು, ನಾನು ಒಮ್ಮೆ ಸೌದೆ ಎಳೆದು ಒಮ್ಮೆ ಸೌದೆ ನೂಕಿ ಹೊಗೆಯಲ್ಲಿ ಕೆಮ್ಮುತ್ತಿದ್ದೆ.

ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತ ಅಮ್ಮ ಇದನ್ನೆಲ್ಲ ನೋಡಿದಳು. ಎಂಬತ್ತು ದಾಟಿದ ಮೇಲೆ ಆಕೆ ಯಾವುದಕ್ಕೂ ಬೆರಗಾಗುವುದನ್ನು ಬಿಟ್ಟಿದ್ದಾಳೆ. "ಬಾಣಂತಿಗೂ ಇಷ್ಟು ಹೊತ್ತು ನೀರು ಹುಯ್ಯಲ್ಲ ಕಣಪ್ಪ" ಎಂದಳು. ಹತ್ತಿರ ಬಂದು ನೀರಿಗೆ ಕೈ ಅದ್ದಿ ತಕ್ಷಣ ತೆಗೆದು, "ಇದು ನಿಮ್ಮಪ್ಪನ ಸ್ನಾನದ ಬಿಸಿ. ಸಾಕು, ಉರಿ ಎಳಿ" ಎಂದಳು. ಆಮೇಲೆ ಡೇರಿಯವರ ಹತ್ತಿರ ಎರವಲು ತಂದ ಥರ್ಮಾಮೀಟರಿನಲ್ಲಿ ನೋಡಿದರೆ 49. ಅಂದಿನಿಂದ ಗುಣಮಟ್ಟ ನಿಯಂತ್ರಣ ವಿಭಾಗ ಅಮ್ಮನದು. ಕಾಯಿಗಳ ಸ್ನಾನ ಮುಗಿದು, ಒರೆಸಿ, ಒಣಗಿಸಿ, ಹುಲ್ಲಿನಲ್ಲಿ ಮಲಗಿಸಿದ ನಂತರ ಮನುಷ್ಯರ ಸ್ನಾನ. ಅಷ್ಟರಲ್ಲಿ ಸೌದೆ ಮುಗಿದಿರುತ್ತದೆ, ನನ್ನದು ತಣ್ಣೀರು.

ಇಷ್ಟೇ ಆಗಿದ್ದರೆ ನಾನು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಗ್ರಾಹಕರಿಗೆ ಹಣ್ಣು ಸಾಲದು, ತೋಟ ನೋಡಬೇಕು ಎನ್ನಿಸಿತು. ಮಗಳು ಭಾನುವಾರ ಗೊತ್ತು ಮಾಡಿದಳು. 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತಲ್ಲ, ಆ ಲೆಕ್ಕದಲ್ಲಿ ಅವರೂ ನಾವೂ ಒಂದೇ ಬೆಂಗಳೂರಿನವರು. ಆದರೂ ಅವರು 'ಹಳ್ಳಿ' ನೋಡಲು ಬರುತ್ತೇವೆಂದು ಬರೆದರು. ನಾವು ಹಳ್ಳಿಯಾಗಲು ಸಿದ್ಧತೆ ನಡೆಸಿದೆವು.

ಮೊದಲು ಪ್ಲಾಸ್ಟಿಕ್ ಕುರ್ಚಿಗಳನ್ನು ಒಳಗೆ ಸಾಗಿಸಿ ಈಚಲು ಚಾಪೆ ಹಾಸಿದೆವು. ಪಂಪ್‌ಸೆಟ್ಟಿನ ಮೇಲಿದ್ದ ಸಿನಿಮಾ ನಟಿಯ ಕ್ಯಾಲೆಂಡರು ತೆಗೆದೆವು. ಕಣದ ಮೂಲೆಯಲ್ಲಿ ಅರ್ಧ ಹೂತುಹೋಗಿದ್ದ ಒರಳುಕಲ್ಲನ್ನು ಮೂರು ಜನ ಸೇರಿ ಹಾರೆ ಹಾಕಿ ಎಬ್ಬಿಸಿ, ತೊಳೆದು, ಅಡುಗೆಮನೆ ಬಾಗಿಲಿಗೆ ತಂದು ಕೂರಿಸಿದೆವು. ಅಮ್ಮ ಅದನ್ನು ನೋಡಿ ಕೆಂಡವಾದಳು. ಸೊಸೆಯಾಗಿ ಈ ಮನೆಗೆ ಬಂದ ದಿನದಿಂದ ಅದರ ಮುಂದೆ ಕೂತು ಸವೆದವಳು ಆಕೆ. ಅಪ್ಪನ ಹತ್ತಿರ ಜಗಳವಾಡಿ, ಊಟ ಬಿಟ್ಟು, ಊರಿಗೆಲ್ಲ ಮೊದಲ ಮಿಕ್ಸಿ ತರಿಸಿದ್ದಳು. "ಅದನ್ನ ಮತ್ತೆ ಮನೆ ಒಳಕ್ಕೆ ತಂದ್ರೆ ನಾನು ಆಚೆಗೆ ಹೋಯ್ತೀನಿ" ಎಂದಳು. ತೋರಿಸಲಿಕ್ಕಷ್ಟೇ ಎಂದು ಸಮಾಧಾನ ಮಾಡಿದೆವು. "ತೋರಿಸೋದಾದ್ರೆ ಫ್ರಿಜ್ಜು ತೋರಿಸ್ರೋ, ಎರಡು ಬಾಗಿಲಿಂದು" ಎಂದು ಅದರ ಮೇಲೆ ಹೊದಿಸಿದ್ದ ಬಟ್ಟೆ ತೆಗೆದಿಟ್ಟಳು. ಬಂದವರಿಗೆ ಪಲಾವು, ಜಾಮೂನು ಮಾಡಬೇಕೆಂದು ಆಕೆಯ ಪಟ್ಟು. ಮುದ್ದೆ, ಉಪ್ಸಾರು ಕೇಳಿದ್ದಾರೆ ಎಂದರೆ ನಂಬಲೊಲ್ಲಳು. ಅಷ್ಟು ದೊಡ್ಡ ಕಾರಿನಲ್ಲಿ ಬರುವ ಜನ ಉಪ್ಸಾರು ಕೇಳಿದ್ದಾರೆಂದರೆ ಅವರ ಮನೆಯಲ್ಲಿ ಏನೋ ತೊಂದರೆಯಿರಬೇಕು ಎಂಬುದು ಅವಳ ಅನುಮಾನ.

ಬಂದರು. ಇಳಿದವರೇ ನೇರ ದೋಟಿಯಣ್ಣನ ಹತ್ತಿರ ಹೋದರು. "ಅಂಕಲ್, ಡಬ್ಬದ ಮೇಲಿರೋದು ನೀವೇ ಅಲ್ವಾ! ನಿಮ್ಮ ಹಣ್ಣು ಸೂಪರ್!" ಅವರು ಒಂದು ಸಲ ನನ್ನ ಮುಖ ನೋಡಿ, ಮೀಸೆ ಸರಿಮಾಡಿಕೊಂಡು, "ಏನೋ, ದೇವ್ರು ಕೊಟ್ಟಿದ್ದು" ಎಂದುಬಿಟ್ಟರು. ಅಲ್ಲಿಂದ ಮುಂದೆ ತೋಟ ಅವರ ವಶ. ಎಂಟಾಣೆ ಬಲಿತ ಕಾಯಿಗೂ ಹನ್ನೆರಡಾಣೆ ಬಲಿತ ಕಾಯಿಗೂ ಇರುವ ವ್ಯತ್ಯಾಸ ಹೇಳಿದರು. ಬಲಿತ ಬಾದಾಮಿಗೆ ಭುಜ ಎದ್ದು ತೊಟ್ಟಿನ ಸುತ್ತ ಸಣ್ಣ ಗುಳಿ ಬೀಳುತ್ತದೆಂದು ಒಂದು ಕಾಯನ್ನು ಮಕ್ಕಳ ಬೆರಳಿಗೆ ಮುಟ್ಟಿಸಿ ತೋರಿಸಿದರು. ನೀರಿನ ಬಕೆಟ್ಟಿಗೆ ಎರಡು ಕಾಯಿ ಹಾಕಿ, ಮುಳುಗಿದ್ದು ಬಲಿತದ್ದು, ತೇಲಿದ್ದು ಎಳಸು ಎಂದರು. ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ತೋರಿಸಿ, ಇದು ತಾಗಿದ ಕಡೆ ಹಣ್ಣಿನ ಮೈ ಸುಡುತ್ತದೆ, ಅದಕ್ಕೇ ತೊಟ್ಟು ಬಿಟ್ಟು ಕೊಯ್ದು, ಆಮೇಲೆ ಅದನ್ನು ಮುರಿದು ಬೋರಲು ಇಟ್ಟು ಸೊನೆ ಇಳಿಸಬೇಕು ಎಂದರು. ಎಲ್ಲ ಸರಿಯಾಗಿಯೇ ಹೇಳಿದರು. ನಾನು ಇಪ್ಪತ್ತು ವರ್ಷದಿಂದ ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಹೇಳಿದರು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ. ಒಬ್ಬರು ನನ್ನ ಕಡೆ ತಿರುಗಿ, "ಅಣ್ಣಾ, ಸ್ವಲ್ಪ ನೀರು ತರ್ತೀರಾ? ಯಜಮಾನ್ರಿಗೂ ಬಾಯಾರಿರಬೇಕು" ಎಂದರು. ತಂದುಕೊಟ್ಟೆ. ಯಜಮಾನರು ಕುಡಿದು ಲೋಟ ನನ್ನ ಕೈಗೇ ಕೊಟ್ಟರು.

ಕೊಟ್ಟಿಗೆಯ ಮುಂದೆ ನಿಂತು ಒಬ್ಬರು ನಾಟಿ ಹಸು ಎಲ್ಲಿ ಎಂದರು. ಇದ್ದದ್ದು ಕರಿ ಬಿಳಿ ಬಣ್ಣದ ಎಚ್‌ಎಫ್ ಮಿಶ್ರತಳಿ, ಹೊಟ್ಟೆ ತುಂಬ ಹಿಂಡಿ ತಿಂದು ಮಲಗಿತ್ತು. ನಿರಾಶೆಯನ್ನು ಮುಚ್ಚಿಟ್ಟುಕೊಂಡು ಅದರ ಜೊತೆಗೂ ಫೋಟೊ ತೆಗೆಸಿಕೊಂಡರು. ಬೆಳಗಿನ ಹಾಲೆಲ್ಲ ಡೇರಿಗೆ ಹೋಗಿಯಾಗಿತ್ತು. ಆದ್ದರಿಂದ ತೋಟದ ತಾಜಾ ಹಾಲಿನ ಟೀ ಮಾಡಲು ಮಗಳು ಹಿತ್ತಿಲ ಬಾಗಿಲಿಂದ ಓಡಿ ಅಂಗಡಿಯಿಂದ ನಂದಿನಿ ಪ್ಯಾಕೆಟ್ಟು ತಂದಳು. ನಮ್ಮ ಹಸುವಿನ ಹಾಲೇ ಬೆಂಗಳೂರು ನೋಡಿಕೊಂಡು ವಾಪಸು ಬಂದಿರಬಹುದು, ಸುಳ್ಳು ಹೇಳಿದ ಹಾಗೇನೂ ಆಗಲಿಲ್ಲ. "ಆಹಾ, ಈ ರುಚಿ ನಮ್ಮಲ್ಲಿ ಎಲ್ಲಿ ಬರುತ್ತೆ!" ಎಂದರು.

ಊಟಕ್ಕೆ ಕೂತಾಗ ಒಬ್ಬ ಹುಡುಗಿ ಮುದ್ದೆ ಮುರಿಯುತ್ತಾ, "ಅಜ್ಜಿ, ಇದು ಗ್ಲುಟನ್ ಫ್ರೀ ಅಲ್ವಾ?" ಎಂದಳು.

ಅಮ್ಮನಿಗೆ ನಾಚಿಕೆಯಾಯಿತು. "ಅಯ್ಯೋ, ಊಟಕ್ಕೆಲ್ಲ ದುಡ್ಡು ಇಸ್ಕೊತೀವೇನವ್ವ! ಎಲ್ಲ ಫ್ರೀನೇ, ಉಣ್ಣು."

ತಲೆಗೆ ಇಷ್ಟು ಎಂದು ನಿಗದಿ ಮಾಡಿ, ಗೇಟಿನ ಹತ್ತಿರ ಕ್ಯೂಆರ್ ಕೋಡು ಅಂಟಿಸಿ, ಗ್ರೂಪಿನಲ್ಲಿ ಮೂರು ಸಲ ತಿಳಿಸಿದ್ದ ಮಗಳು ಸಾರಿನ ಸೌಟು ಹಿಡಿದು ನಿಂತಲ್ಲೇ ಕಲ್ಲಾದಳು. ಕೈ ತೊಳೆದು ಫೋನು ತೆಗೆದವರನ್ನೆಲ್ಲ ಅಮ್ಮ ಗದರಿಸಿ ಕಳಿಸಿದಳು. ಕಳಿಸುವಾಗ ಪ್ರತಿ ಕಾರಿಗೂ ಒಂದೊಂದು ಚೀಲ ಹಣ್ಣು. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದುಂಟೇ! ಅವರು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆ ಸಂಜೆ ಗ್ರೂಪಿನಲ್ಲಿ 'ನಮ್ಮ ಅಜ್ಜಿ' ಎಂದು ನಲವತ್ತು ಫೋಟೊ ಬಂದವು. ದೋಟಿಯಣ್ಣನವು ಅರವತ್ತು. ನನ್ನದು ಒಂದರಲ್ಲಿ ಮೊಣಕೈ ಬಿದ್ದಿತ್ತು, ನೀರಿನ ಲೋಟದ ಸಮೇತ.

ಮರ ದತ್ತು ತೆಗೆದುಕೊಂಡವರ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಹೊಟ್ಟೆ ಉರಿಯುತ್ತದೆ. ಬಾದಾಮಿ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ರಜೆ ಹಾಕುವ ಜಾತಿ. ಆ ಸಂಸಾರ ಹೆಸರಿನ ಹಲಗೆ ನೇತುಹಾಕಿ ಮುಂಗಡ ಕೊಟ್ಟದ್ದು ರಜೆಯಲ್ಲಿದ್ದ ಮರಕ್ಕೆ. ಪಕ್ಕದ ಮರ ಕೊಂಬೆ ಬಾಗುವಷ್ಟು ಹೊತ್ತಿತ್ತು. ಇದರಲ್ಲಿ ಕೊಯ್ದುಕೊಳ್ಳಿ ಎಂದೆ. ಅವರ ಐದು ವರ್ಷದ ಮಗ ಬೋಳು ಮರವನ್ನು ತಬ್ಬಿಕೊಂಡು "ಬೇಡ, ಪಾಪ, ಇ‌ದಕ್ಕೆ ಬೇಜಾರಾಗುತ್ತೆ" ಎಂದ. ಮುಂಗಡ ವಾಪಸು ಕೇಳಲಿಲ್ಲ, ಹಣ್ಣನ್ನೂ ಒಯ್ಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಮರದ ಕ್ಷೇಮಸಮಾಚಾರ ಕೇಳುತ್ತಾರೆ. ನಾನು ನಡೆದುಹೋಗಿ ಅದನ್ನು ನೋಡಿ ಬಂದು, ಚೆನ್ನಾಗಿದೆ ಎಂದು ಬರೆಯುತ್ತೇನೆ.

ಈಗ ನಮ್ಮ ಮನೆಯಲ್ಲಿ ನಾವು ತಿನ್ನುವ ಹಣ್ಣಿನ ವಿಷಯ. ಬೆಳೆದವನ ಮನೆಗೆ ಬರುವುದು ಗಿಣಿ ಕಚ್ಚಿದ್ದು, ಅಳಿಲು ಕೆರೆದದ್ದು, ಬಿದ್ದು ಒಡೆದದ್ದು, ಸೊನೆ ಸುಟ್ಟದ್ದು. ಗಿಣಿ ಕಚ್ಚಿದ ಹಣ್ಣಿಗೆ ರುಚಿ ಹೆಚ್ಚು ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಮದುವೆಯಾದಾಗಿನಿಂದ ಮಚ್ಚೆ ಇಲ್ಲದ ಹಣ್ಣು ತಿಂದಿಲ್ಲ ಎಂದು ನನ್ನವಳೂ ಪ್ರತಿ ವರ್ಷ ಹೇಳುತ್ತಾಳೆ. ಕಾಡಾನೆಗಳು ಮಾತ್ರ ನಮ್ಮ ತೋಟದ ಒಂದನೇ ದರ್ಜೆಯ ಮಾಲನ್ನು ಧಾರಾಳವಾಗಿ ತಿನ್ನುತ್ತವೆ. ಅವು ಡಬ್ಬ ಕೇಳುವುದಿಲ್ಲ, ಹಸಿರಾಗಿದೆ ಎನ್ನುವುದಿಲ್ಲ, ಬೇಲಿಯ ಸಮೇತ ಮುಗಿಸುತ್ತವೆ.

ಈ ವರ್ಷ ಗ್ರೂಪಿನಲ್ಲಿ ವಿಜಯನಗರದ ಒಂದು ನಂಬರಿತ್ತು. ಹೆಸರಿಲ್ಲ, ಫೋಟೊ ಇದ್ದ ಕಡೆ ತುಳಸಿಕಟ್ಟೆ. ವಾರಕ್ಕೊಂದು ಡಬ್ಬ ತರಿಸಿಕೊಳ್ಳುವುದು, ತರಿಸಿಕೊಂಡು ತಪ್ಪು ಹುಡುಕುವುದು. "ಮೇಲಿನ ಸಾಲಿನಲ್ಲಿ ದೊಡ್ಡದು, ಕೆಳಗಿನ ಸಾಲಿನಲ್ಲಿ ಸಣ್ಣದು ಇಡುವ ಬುದ್ಧಿ ಬಿಡಿ." "ಹುಲ್ಲು ಹೋದ ವರ್ಷದ್ದು, ಮುಗ್ಗಲು ವಾಸನೆ." "ತೂಕ 2 ಕೆ.ಜಿ. 900 ಗ್ರಾಂ. ಡಬ್ಬ ಸೇರಿಸಿ ತೂಗಿದ್ದೀರಾ?" ಎಲ್ಲ ನಿಜ. ಇಷ್ಟು ನಿಖರವಾಗಿ ನನ್ನ ತಪ್ಪು ಹಿಡಿಯುವವರು ಬೆಂಗಳೂರಿನಲ್ಲೂ ಇದ್ದಾರಲ್ಲ ಎಂದು ನಾನು ದಂಗಾಗಿ, ತಪ್ಪು ಒಪ್ಪಿ, ಪ್ರತಿ ಸಲವೂ ಎರಡು ಹಣ್ಣು ಹೆಚ್ಚಿಗೆ ಹಾಕಿ ಕಳಿಸುತ್ತಿದ್ದೆ. ಮೇ ಕೊನೆಯಲ್ಲಿ ನಾದಿನಿಯ ಮನೆಗೆ ಹೋದಾಗ ಅವಳ ಬಾಲ್ಕನಿಯಲ್ಲಿ ಅದೇ ತುಳಸಿಕಟ್ಟೆ, ಮೂಲೆಯಲ್ಲಿ ನಮ್ಮ ಖಾಲಿ ಡಬ್ಬಗಳ ಗೋಪುರ. ನನ್ನವಳು 'ತಂಗಿಗೆ ಹುಷಾರಿಲ್ಲ' ಎಂದು ವಾರಕ್ಕೊಮ್ಮೆ ಬಸ್ಸು ಹತ್ತುತ್ತಿದ್ದುದರ ಗುಟ್ಟು ಗೊತ್ತಾಯಿತು. "ದುಡ್ಡು ಕೊಟ್ಟೇ ತಿಂದಿದೀನಿ" ಎಂದಳು, ಯಾವ ಅಳುಕೂ ಇಲ್ಲದೆ. ನಿಜವೇ. ನನ್ನ ಜೇಬಿನಿಂದ ಹೊರಟ ದುಡ್ಡು ಅವಳ ಪರ್ಸು, ತಂಗಿಯ ಫೋನು, ಮಗಳ ಖಾತೆ ಸುತ್ತಿ ಮನೆಗೇ ಬಂದಿತ್ತು, ದಾರಿಯಲ್ಲಿ ಕೊರಿಯರಿನವನ ಪಾಲು ಮಾತ್ರ ಕಳೆದುಕೊಂಡು.

ಲೆಕ್ಕಪತ್ರ ಬರೆಯುವವಳೂ ಅವಳೇ. ಮಂಡಿಯ ದರಕ್ಕೆ ಹೋಲಿಸಿದರೆ ಕೆ.ಜಿ.ಗೆ ಸಿಕ್ಕಿದ್ದು ಹೆಚ್ಚೇ, ಅದರಲ್ಲಿ ಎರಡು ಮಾತಿಲ್ಲ. ಡಬ್ಬ, ಕೊರಿಯರು, ಸೌದೆ, ಬದಲಿ ಕಳಿಸಿದ್ದು, ಅಮ್ಮ ಹಂಚಿದ್ದು ಕಳೆದರೂ ಸ್ವಲ್ಪ ಉಳಿಯಿತು. ನನ್ನ ಕೂಲಿ ಹಿಡಿದರೆ ನಷ್ಟ, ಹಿಡಿಯದಿದ್ದರೆ ಲಾಭ. ಹಾಗಾಗಿ ಹಿಡಿಯಲಿಲ್ಲ. ದೋಟಿಯಣ್ಣ ಮಾತ್ರ ಈಗ ದಿನಗೂಲಿಯ ಮೇಲೆ 'ಫೋಟೊದ್ದು' ಅಂತ ಬೇರೆ ಕೇಳುತ್ತಿದ್ದಾರೆ. ಕೊಡಲೇಬೇಕು. ಇಲ್ಲದಿದ್ದರೆ ಪಕ್ಕದ ತೋಟದವನು ಅವರ ಮೀಸೆಯ ಮೇಲೆ ಕಣ್ಣಿಟ್ಟಿದ್ದಾನೆ.

ಜೂನ್ ಹೊತ್ತಿಗೆ ಬಾದಾಮಿ ಖಾಲಿ, ಮಲ್ಲಿಕಾ ಕೊನೆ. ಉಳಿದದ್ದು ತೋತಾಪುರಿ. ಗ್ರೂಪಿನಲ್ಲಿ ಹಾಕಿ ನೋಡಿದೆವು, ಉಪ್ಪಿನಕಾಯಿಗೆಂದು ಒಬ್ಬರು ಅರ್ಧ ಕೆ.ಜಿ. ಕೇಳಿದರು. ತೋತಾಪುರಿಯ ಹಣೆಬರಹ ಮೊದಲಿಂದಲೂ ರಸದ ಕಾರ್ಖಾನೆ. ಅದರಲ್ಲೂ 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರಕೂಡದೆಂದು ಗಡಿಯಲ್ಲಿ ತಡೆದ ಮೇಲೆ ಈ ಕಾಯಿ ಎಂದರೆ ನಮ್ಮ ಎದೆ ಸ್ವಲ್ಪ ಧಸಕ್ ಎನ್ನುತ್ತದೆ. ಕೊನೆಗೆ ನಾನು ಮಂಡಿಯವರಿಗೆ ಫೋನು ಮಾಡಿದೆ. ಕಮಿಷನ್ನು, ಹಮಾಲಿ, ಮೇಲೆ ಸೂಟು ಎಂದು ಕ್ವಿಂಟಾಲಿಗೆ ಒಂದಿಷ್ಟು ಕೆ.ಜಿ. ಹಾರಿಸುವ ಲೆಕ್ಕ. ಮಧ್ಯವರ್ತಿ ಎಂದು ಅಪ್ಪನ ಕಾಲದಿಂದ ನಾವು ಬೈದುಕೊಂಡು ಬಂದ ಮನೆತನ.

ಬೈಕಿನಲ್ಲಿ ಬಂದರು. ಹಣ್ಣಿನ ಪರಿಮಳ ಮೂಸಲಿಲ್ಲ, ಹಸುವನ್ನು ಕೇಳಲಿಲ್ಲ, ಒರಳುಕಲ್ಲನ್ನು ಎಡವಿದರು. ರಾಶಿಯ ಒಳಗೆ ಕೈ ಹಾಕಿ ತಳದಿಂದ ಒಂದು ಕಾಯಿ ತೆಗೆದು, ಉದ್ದಕ್ಕೆ ಸೀಳಿ, ವಾಟೆ ನೋಡಿ ಎಸೆದು, ಒಂದು ದರ ಹೇಳಿದರು. ಒಂದು ನಿಮಿಷವೂ ಆಗಲಿಲ್ಲ. ಎರಡು ತಿಂಗಳು ಪೇಟೆಯ ಗ್ರಾಹಕರೊಂದಿಗೆ ಮಾತಾಡಿ ಪಳಗಿದ್ದ ನನಗೆ ಇದು ತೀರಾ ಸಪ್ಪೆ ಎನ್ನಿಸಿತು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಈ ಮರಗಳನ್ನು ನಮ್ಮ ತಾತ ನೆಟ್ಟದ್ದು, ಹೆಗಲ ಮೇಲೆ ನೀರು ಹೊತ್ತು ಬೆಳೆಸಿದ್ದು, ಇವುಗಳ ನೆರಳಿನಲ್ಲೇ ಅಪ್ಪ ಅಕ್ಷರ ಕಲಿತದ್ದು. ಡಬ್ಬದ ಮೇಲೆ ಇದ್ದದ್ದನ್ನೆಲ್ಲ, ಸ್ವಲ್ಪ ಹೆಚ್ಚಾಗಿಯೇ, ದೂರ ನೋಡುತ್ತಾ ಹೇಳಿದೆ. ತೋತಾಪುರಿಯ ಮಟ್ಟಿಗೆ ಇದು ಪೂರ್ತಿ ಸತ್ಯವಾದ್ದರಿಂದ ಧ್ವನಿಯೂ ತಾನಾಗಿ ಗದ್ಗದವಾಯಿತು.

ಅವರು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಕೊನೆಯ ತನಕ ಕೇಳಿದರು.

"ತಾತ ನೆಟ್ಟಿದ್ದಾ?"

"ಹೌದು."

"ಹಂಗಾದ್ರೆ ಮುದಿ ಮರ. ಕಾಯಿ ಸಣ್ಣ ಇರುತ್ತೆ, ರಸ ಇಳಿಯಲ್ಲ. ಎರಡು ರೂಪಾಯಿ ಕಮ್ಮಿ ಹಾಕ್ಕೊಂಡಿದೀನಿ."

ಒಳಗಿನಿಂದ ನನ್ನವಳು ಕೂಗಿದಳು: "ರೀ, ನೀವು ಒಳಗೆ ಬನ್ನಿ. ಇನ್ನೊಂದು ಸ್ವಲ್ಪ ಕತೆ ಹೇಳಿದ್ರೆ ನಾವೇ ಅವರಿಗೆ ದುಡ್ಡು ಕೊಡಬೇಕಾಗುತ್ತೆ."